ಸಂಭ್ರಮದ ವರ್ಷ ಕಳೆಯಿತು, ದತ್ತಿ ಎಲ್ಲಿ?

ನವಿಮುಂಬಯಿಯ ಮಹಾಪೆ ಕೈಗಾರಿಕಾ ವಸಾಹತಿಗೆ ಬೆಳಗಾದರೆ ಮೂರು ದಿಕ್ಕಿನಿಂದ ಜನ ಬರುತ್ತಾರೆ. ಕಲ್ಯಾಣ, ಡೊಂಬಿವಲಿಯವರು ಶಿಳ್‌ಫಾಟಾ ದಾಟಿ. ಠಾಣೆಯವರು ಟ್ರಾನ್ಸ್ ಹಾರ್ಬರ್ ರೈಲಿನಲ್ಲಿ ಬಂದು ಘನ್ಸೋಲಿಯಲ್ಲೋ ಕೋಪರ್‌ಖೈರಣೆಯಲ್ಲೋ ಇಳಿದು. ವಾಶಿ, ನೆರೂಳದವರು ಠಾಣೆ–ಬೇಲಾಪುರ ರಸ್ತೆ ಹಿಡಿದು. ಈ ಜನರಲ್ಲಿ ಕನ್ನಡಿಗರೂ ಇದ್ದಾರೆ. ವಾರವಿಡೀ ಒಂದೇ ಪಟ್ಟಿಯಲ್ಲಿ ದುಡಿಯುವ ಇವರು ಭಾನುವಾರ ಬಂತೆಂದರೆ ತಂತಮ್ಮ ಊರಿನ ಸಂಘಗಳಿಗೆ ಹಂಚಿಹೋಗುತ್ತಾರೆ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೆ 50 ತುಂಬಿದಾಗ ಕರ್ನಾಟಕ ಸರ್ಕಾರ ‘ಕರ್ನಾಟಕ ಸಂಭ್ರಮ–50’ ಎಂದು ವರ್ಷವಿಡೀ ಕಾರ್ಯಕ್ರಮ ನಡೆಸಿತು. ಅಂಥ ವರ್ಷ ಮುಗಿದು ಚಪ್ಪರ ಬಿಚ್ಚಿದ ಮೇಲೆ ಊರೂರಿನ ಸಂಘಗಳ ನಡುವೆ ಏನು ಉಳಿಯುತ್ತದೆ? ಉತ್ತರ ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಮುಂಬಯಿಯ ಮಾಟುಂಗಾದಲ್ಲೇ ಇದೆ.

ಮುಂಬಯಿ ಕನ್ನಡಿಗರ ಸಂಘಟನೆ ಹಬ್ಬದಿಂದ ಶುರುವಾದದ್ದಲ್ಲ, ಅಗತ್ಯದಿಂದ ಶುರುವಾದದ್ದು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆಗಳು ಅಕ್ಷರ ಕಲಿಸಿದವು. 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಬಂದವು. ನಗರ ಎರಡು ಸಲ ಸಾಹಿತ್ಯ ಸಮ್ಮೇಳನವನ್ನೂ ಕಂಡಿತು: 1935ರಲ್ಲಿ ಎನ್. ಎಸ್. ಸುಬ್ಬರಾಯರ, 1951ರಲ್ಲಿ ಎಂ. ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ. ಆ ಸಮ್ಮೇಳನಗಳ ನೆನಪು ಇಂದು ಉಳಿದಿರುವುದು ಹೆಚ್ಚಾಗಿ ಅಧ್ಯಕ್ಷರ ಪಟ್ಟಿಯಲ್ಲಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ ತನ್ನ ಬಂಗಾರದ ಹಬ್ಬದ ಹೆಸರಿನಲ್ಲಿ ಇಟ್ಟ ದತ್ತಿಯ ಕಥೆ ಬೇರೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಜೊತೆಗೂಡಿ ಆ ದತ್ತಿಯ ಉಪನ್ಯಾಸಗಳನ್ನು ಅದು ದಶಕಗಳಿಂದ ನಡೆಸಿಕೊಂಡು ಬಂದಿದೆ. ಹಲವು ಉಪನ್ಯಾಸಗಳು ಪುಸ್ತಕಗಳೂ ಆಗಿವೆ.

ಈ ದತ್ತಿ ಇಷ್ಟು ಕಾಲ ಬಾಳಿದ್ದಕ್ಕೆ ಅದರ ಏರ್ಪಾಟೇ ಕಾರಣ ಎಂಬುದು ನನ್ನ ವಾದ. ಅಲ್ಲಿ ಎರಡು ಸಂಸ್ಥೆಗಳು ಒಂದಕ್ಕೊಂದು ಬೇಕು: ಒಂದರ ಬಳಿ ಹಣ ಮತ್ತು ಸಭಾಂಗಣ, ಇನ್ನೊಂದರ ಬಳಿ ವಿದ್ವತ್ತು ಮತ್ತು ವಿದ್ಯಾರ್ಥಿಗಳು. ಯಾವುದೇ ಪದಾಧಿಕಾರಿ ಬದಲಾಗಲಿ, ದತ್ತಿಯ ಹಣವನ್ನು ಬೇರೆ ಬಾಬತ್ತಿಗೆ ತಿರುಗಿಸುವುದು ಸುಲಭವಲ್ಲ. ಇದು ಕನ್ನಡಿಗರಿಗಷ್ಟೇ ಹೊಳೆದ ಉಪಾಯವೂ ಅಲ್ಲ. ಜರ್ಮನಿಯ ರೂರ್ ಕಣಿವೆ ಕಲ್ಲಿದ್ದಲು, ಉಕ್ಕಿನ ಸೀಮೆ. 2010ರಲ್ಲಿ ಎಸ್ಸೆನ್ ನಗರ ಆ ಸೀಮೆಯ 53 ಊರುಗಳ ಪರವಾಗಿ ಯೂರೋಪಿನ ಸಾಂಸ್ಕೃತಿಕ ರಾಜಧಾನಿಯಾಯಿತು. ವರ್ಷ ಮುಗಿದ ಮೇಲೆ ಅವರು ಇನ್ನೊಂದು ಹಬ್ಬ ಹೂಡಲಿಲ್ಲ. ರಾಜ್ಯ ಸರ್ಕಾರವೂ ಊರುಗಳ ಒಕ್ಕೂಟವೂ ವರ್ಷವರ್ಷ ಹಣ ಹಾಕುವ ಒಪ್ಪಂದ ಮಾಡಿಕೊಂಡವು. ಆ ಸೀಮೆಗೆಲ್ಲ ಸೇರಿದ ಕಲಾ ಸಂಸ್ಥೆಯೊಂದು 2012ರಿಂದ ಕೆಲಸ ಮಾಡುತ್ತಿದೆ.

ನಮ್ಮ ಸಂಘಗಳು ಕೂಡುವುದಿಲ್ಲ, ಅವು ಜಾತಿ, ಜಿಲ್ಲೆಗಳ ಮೇಲೆ ನಿಂತಿವೆ ಎಂಬ ಆಕ್ಷೇಪ ಹಳೆಯದು. ಅದರಲ್ಲಿ ಸತ್ಯವಿದೆ. ಆದರೆ ಜೊತೆಗೂಡಲು ಒಂದಾಗಬೇಕಿಲ್ಲವಲ್ಲ! ಮೈಸೂರು ಅಸೋಸಿಯೇಷನ್ ವಿಶ್ವವಿದ್ಯಾಲಯದಲ್ಲಿ ಕರಗಿಹೋಗಲಿಲ್ಲ. ಉಪನ್ಯಾಸಕ್ಕೆ ಜನ ಬರುವುದಿಲ್ಲ, ನಾಟಕ, ಯಕ್ಷಗಾನ, ಊಟ ಇದ್ದರೆ ಬರುತ್ತಾರೆ ಎಂಬುದು ಎರಡನೆಯದು. ಸರಿ, ದತ್ತಿ ಯಕ್ಷಗಾನ ತರಬೇತಿಗೇ ಇರಲಿ, ಮಕ್ಕಳ ಕನ್ನಡ ತರಗತಿಗೇ ಇರಲಿ. ಮುಖ್ಯವಾದದ್ದು ಕರಾರು, ಕಲಾಪ್ರಕಾರವಲ್ಲ. ಬಡ್ಡಿ ದರ ಇಳಿದು ಹಳೆಯ ದತ್ತಿಗಳು ಸೊರಗುತ್ತವೆ ಎಂಬ ಮೂರನೆಯ ಮಾತನ್ನು ಮಾತ್ರ ಹಾಗೇ ಒಪ್ಪಬೇಕು. ಒಮ್ಮೆ ಇಟ್ಟು ಮರೆತ ಹಣ ಒಂದು ತಲೆಮಾರಿನಲ್ಲಿ ಹಾರ–ತುರಾಯಿಗೂ ಸಾಲದಾಗುತ್ತದೆ. ಆದ್ದರಿಂದ ಪ್ರತಿ ರಾಜ್ಯೋತ್ಸವದ ಖರ್ಚಿನಿಂದ ಒಂದು ಪಾಲು ಮೂಲಧನಕ್ಕೆ ಸೇರುತ್ತಲೇ ಇರಬೇಕು. ಕರ್ನಾಟಕ ಸರ್ಕಾರ ಕೊಡಲಿ ಎಂದು ಕಾಯುವವರಿಗೆ ಒಂದು ಮಾತು: ಸರ್ಕಾರದ ಅನುದಾನ ಸಾಮಾನ್ಯವಾಗಿ ಭವನಕ್ಕೂ ಕಾರ್ಯಕ್ರಮಕ್ಕೂ ಸಿಗುತ್ತದೆ, ನೆರೆಹೊರೆಯ ಸಂಘಗಳ ಸಂಬಂಧಕ್ಕೆ ಸಿಗುವುದಿಲ್ಲ.

ಕಲ್ಯಾಣದಿಂದ ವಾಶಿಯವರೆಗಿನ ಈ ಪಟ್ಟಿಗೆ ಬೇಕಾದ್ದು ಮಾಟುಂಗಾದ ನಕಲಲ್ಲ. ಹಳೆಯ ಸಂಸ್ಥೆಗಳೂ ಕಲಿನಾದ ವಿಶ್ವವಿದ್ಯಾಲಯವೂ ಇಲ್ಲಿಂದ ದೂರ, ಅದರ ಮೇಲೆ ಭಾನುವಾರ ಹಳಿ ದುರಸ್ತಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಬೇರೆ. ಆದರೆ ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯವಿದೆ, ಠಾಣೆಯಲ್ಲೂ ನವಿಮುಂಬಯಿಯಲ್ಲೂ ಸಂಘಗಳಿವೆ. ನಾಲ್ಕು ಊರಿನವರು ಸೇರಿ ಒಂದು ದತ್ತಿ ಇಟ್ಟು, ಕಾರ್ಯಕ್ರಮವನ್ನು ವರ್ಷಕ್ಕೊಂದು ಊರಿನಂತೆ ಸರದಿಯಲ್ಲಿ ನಡೆಸಬಹುದು. ಮೊದಲ ಕೆಲಸವಾಗಿ, ನವೆಂಬರಿನಿಂದ ಜನವರಿಯವರೆಗಿನ ಭಾನುವಾರಗಳನ್ನು ಕೂತು ಹಂಚಿಕೊಂಡರೂ ಸಾಕು. ಒಂದೇ ಮನೆಗೆ ಒಂದೇ ದಿನದ ಮೂರು ಆಮಂತ್ರಣ ಹೋಗುವುದು ತಪ್ಪುತ್ತದೆ. ಇನ್ನೊಂದು ಕೆಲಸ ಇದಕ್ಕಿಂತ ಕಠಿಣ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದು ಬೆಳಗ್ಗೆ ನಾಕಾಗಳಲ್ಲಿ ಕೂಲಿಗೆ ನಿಲ್ಲುವ ಕನ್ನಡಿಗರು ಸಂಘಗಳ ಸದಸ್ಯರ ಪಟ್ಟಿಯಲ್ಲಿ ಕಾಣುವುದು ಅಪರೂಪ. ಒಂದು ಕಾಲದ ರಾತ್ರಿ ಶಾಲೆಗಳು ತೆರೆದದ್ದು ಇಂಥವರಿಗಾಗಿಯೇ. ಜಂಟಿ ದತ್ತಿಯ ಮೊದಲ ಬಡ್ಡಿ ಅವರ ಮಕ್ಕಳ ಕನ್ನಡ ತರಗತಿಗೆ ಹೋಗಲಿ. ಮುಂದಿನ ರಾಜ್ಯೋತ್ಸವದ ಬಜೆಟ್ ಬರೆಯುವ ಖಜಾಂಚಿಗಳು ವೇದಿಕೆಯ ಖರ್ಚಿಗಿಂತ ಮೊದಲು ಆ ಪಾಲನ್ನು ತೆಗೆದಿಡಬೇಕು.