ಬೆಸೆಯದೆ ನೇರವಾಗುವ ಬೆನ್ನೆಲುಬು

ಬೆನ್ನೆಲುಬು ಪಕ್ಕಕ್ಕೆ ಬಾಗಿ, ಜೊತೆಗೆ ತಿರುಚಿಕೊಳ್ಳುವ ತೊಂದರೆಯೇ ಸ್ಕೋಲಿಯೋಸಿಸ್. ಎಕ್ಸ್‌ರೇಯಲ್ಲಿ ಬಾಗನ್ನು ಅಳೆಯುವ ಕಾಬ್ ಕೋನ 10 ಡಿಗ್ರಿ ಅಥವಾ ಹೆಚ್ಚಿದ್ದರೆ ಈ ಹೆಸರು. ಹರೆಯದಲ್ಲಿ, ಗೊತ್ತಾದ ಕಾರಣವಿಲ್ಲದೆ, ನೂರರಲ್ಲಿ ಎರಡು ಮೂರು ಮಕ್ಕಳಿಗೆ ಇದು ಬರುತ್ತದೆ. ದೊಡ್ಡ ಬಾಗು ಹುಡುಗಿಯರಲ್ಲೇ ಹೆಚ್ಚು. ಬೆಂಗಳೂರಿನ ವೈಟ್‌ಫೀಲ್ಡಿನ ತಂದೆತಾಯಿ ದೂರುವ ಭಾರದ ಸ್ಕೂಲ್ ಬ್ಯಾಗಾಗಲಿ ಕಂಪ್ಯೂಟರ್ ಮುಂದೆ ಕೂರುವುದಾಗಲಿ ಇದಕ್ಕೆ ಕಾರಣವಲ್ಲ.

ಸಾಮಾನ್ಯವಾಗಿ ನೋವಿರದ ಈ ಬಾಗು ಮೊದಲು ಬೀಳುವುದು ಹೆಚ್ಚಾಗಿ ಮನೆಯವರ ಕಣ್ಣಿಗೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಗೆ ನೋಡುವ ತಾಯಿಗೆ, ಮಗಳ ಯೂನಿಫಾರ್ಮಿನ ಅಂಚು ಒಂದು ಕಡೆ ಮೇಲೇರಿದ್ದು ತಟ್ಟನೆ ತಿಳಿದೀತು. ಮಗಳು ಮುಂದಕ್ಕೆ ಬಗ್ಗಿದಾಗ ಬೆನ್ನಿನ ಒಂದು ಪಕ್ಕ ಉಬ್ಬಿ ಕಂಡರೆ ವೈದ್ಯರಿಗೆ ತೋರಿಸಲೇಬೇಕು.

ಇನ್ನೂ ಬೆಳೆಯುತ್ತಿರುವ ಮಗುವಿಗೆ ಬಾಗು 25ರಿಂದ 40 ಡಿಗ್ರಿಯೊಳಗಿದ್ದರೆ ಬ್ರೇಸ್ ಹಾಕುತ್ತಾರೆ. 45–50 ದಾಟಿದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ. ಕಶೇರುಗಳಿಗೆ (ಬೆನ್ನೆಲುಬಿನ ಬಿಡಿ ಮೂಳೆಗಳಿಗೆ) ಸ್ಕ್ರೂ, ಸರಳು ಜೋಡಿಸಿ, ಮೂಳೆಚೂರು ತುಂಬಿ ಒಂದೇ ಮೂಳೆಯಾಗಿ ಬೆಸೆಯುವ ಫ್ಯೂಷನ್ ಇಂದಿಗೂ ಹೆಚ್ಚು ನಂಬಿಕೆಯದು. ಅಮೆರಿಕದ ವೈದ್ಯ ಪಾಲ್ ಹ್ಯಾರಿಂಗ್ಟನ್ ತಮ್ಮ ಸರಳಿನ ಫಲಿತಾಂಶ ಪ್ರಕಟಿಸಿದ್ದು 1962ರಲ್ಲಿ. ಆದರೆ ಬೆಸೆದ ಭಾಗ ಮತ್ತೆ ಬಾಗದು. ಬೆಸುಗೆ ಸೊಂಟದವರೆಗೆ ಇಳಿದಷ್ಟೂ ಈ ನಷ್ಟ ಎದ್ದು ಕಾಣುತ್ತದೆ.

ಇದಕ್ಕೆ ಪರ್ಯಾಯವಾಗಿ ಹೆಚ್ಚು ಚರ್ಚೆಯಲ್ಲಿರುವುದು ಟೆದರಿಂಗ್. ಪಕ್ಕೆಯ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ, ಬಾಗಿನ ಉಬ್ಬಿದ ಬದಿಯ ಕಶೇರುಗಳಿಗೆ ಸ್ಕ್ರೂ ಕೂರಿಸಿ, ಅವುಗಳಿಗೆ ಪಾಲಿಎಥಿಲೀನ್ ಟೆರೆಫ್ತಲೇಟ್ ಎಂಬ ಪ್ಲಾಸ್ಟಿಕ್‌ನ ಹುರಿಯನ್ನು ಬಿಗಿಯುತ್ತಾರೆ. ಬಾಗು ಸ್ವಲ್ಪ ಅಲ್ಲೇ ತಗ್ಗುತ್ತದೆ. ಉಳಿದದ್ದು ಮಗುವಿನ ಬೆಳವಣಿಗೆಯ ಕೆಲಸ. ಒತ್ತಡ ಬಿದ್ದ ಬದಿಯಲ್ಲಿ ಮೂಳೆ ನಿಧಾನವಾಗಿ ಬೆಳೆಯುತ್ತದೆ, ಸಡಿಲಾದ ಬದಿಯಲ್ಲಿ ಬೇಗ. ಹಾಗಾಗಿ ಉಬ್ಬಿದ ಬದಿಯನ್ನು ಹುರಿ ತಡೆದಂತೆ ತಗ್ಗಿನ ಬದಿ ಬೆಳೆದು ಸಮನಾಗುತ್ತದೆ. ಬೆನ್ನು ಬಾಗುವ ಗುಣವೂ ಬಹುಪಾಲು ಉಳಿಯುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಆಗಸ್ಟ್‌ನಲ್ಲಿ ಇಂಥ ಸಾಧನಕ್ಕೆ, 30ರಿಂದ 65 ಡಿಗ್ರಿ ಬಾಗಿನ ಬೆಳೆಯುವ ಮಕ್ಕಳಿಗೆಂದು, ವಿರಳ ಸಂದರ್ಭಗಳಿಗೆ ಮೀಸಲಾದ ಒಪ್ಪಿಗೆ ಕೊಟ್ಟಿತು. ಪ್ರಯೋಜನ ಪೂರ್ತಿ ಸಾಬೀತಾಗಿದೆ ಎಂಬ ಮುದ್ರೆಯಲ್ಲ ಅದು. ಚೆನ್ನೈನ ಅಪೊಲೊ ಆಸ್ಪತ್ರೆಯಲ್ಲಿ ಡಾ. ಸಾಜನ್ ಹೆಗ್ಡೆ ಅವರ ತಂಡ ಈ ಬಗೆಯ ಶಸ್ತ್ರಚಿಕಿತ್ಸೆ ಮಾಡಿದೆ.

ಹುರಿಗೂ ಆಯಸ್ಸಿದೆ. ಮಡಚಿ ಬಿಚ್ಚಿದ ತಂತಿ ಕೊನೆಗೆ ತುಂಡಾಗುವುದನ್ನು ಪೀಣ್ಯದ ಕಾರ್ಖಾನೆಯವರು ಬಲ್ಲರು, ಇದೂ ಹಾಗೆಯೇ. ಬೆಳವಣಿಗೆ ಹೆಚ್ಚು ಬಾಕಿಯಿದ್ದರೆ ಬೆನ್ನು ಎದುರು ದಿಕ್ಕಿಗೆ ವಾಲಬಹುದು. ಎರಡನೇ ಶಸ್ತ್ರಚಿಕಿತ್ಸೆಯ ಸಾಧ್ಯತೆ ಫ್ಯೂಷನ್‌ಗಿಂತ ಹೆಚ್ಚು. ಬೇರೆ ಹಾದಿಗಳೂ ಇವೆ: ಬೆನ್ನ ಕಡೆಯಿಂದ ಕೂರಿಸುವ, ಹಂತ ಹಂತವಾಗಿ ಉದ್ದವಾಗುವ ಅಪಿಫಿಕ್ಸ್ ಎಂಬ ಸರಳು ಒಂದು. ಅಯಸ್ಕಾಂತದಿಂದ ಉದ್ದವಾಗುವ ಸರಳು ಇನ್ನೂ ಚಿಕ್ಕ ಮಕ್ಕಳದು.

ಮಗುವಿನ ಬೆಳವಣಿಗೆಯನ್ನೇ ನಂಬಿದ ಟೆದರಿಂಗ್‌ನಲ್ಲಿ ಕೋನಕ್ಕಿಂತ ಕಾಲ ಮುಖ್ಯ. ಎಷ್ಟು ಬೆಳವಣಿಗೆ ಬಾಕಿ ಎಂಬುದನ್ನು ಕೈಯ ಎಕ್ಸ್‌ರೇ ಮತ್ತು ಸೊಂಟದ ಮೂಳೆಯ ಅಂಚು ಹೇಳುತ್ತವೆ. ಹುಡುಗಿ ದೊಡ್ಡವಳಾಗಿ ಎರಡು ವರ್ಷ ಕಳೆಯುವಷ್ಟರಲ್ಲಿ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ. ಹುರಿ ಕಟ್ಟಿದ ಮೇಲೂ ಎತ್ತರ ನಿಲ್ಲುವ ತನಕ ಕೆಲವು ತಿಂಗಳಿಗೊಮ್ಮೆ ತಪಾಸಣೆ ಬೇಕು. ಕೆಲಸ ಸಿಕ್ಕಲ್ಲಿಗೆ ಮನೆ ಬದಲಿಸುವ ಬೊಮ್ಮಸಂದ್ರ, ಪೀಣ್ಯದ ಕುಟುಂಬಗಳಿಗೆ ಶಸ್ತ್ರಚಿಕಿತ್ಸೆಗಿಂತ ಕಷ್ಟದ ಭಾಗ ಇದೇ ಆಗಬಹುದು. ಒಪ್ಪಿಗೆಗೆ ಸಹಿ ಹಾಕುವ ಮೊದಲೇ ಅದನ್ನು ವೈದ್ಯರೊಡನೆ ಮಾತಾಡಿಕೊಳ್ಳಬೇಕು.