ಪ್ರಶ್ನೆಪತ್ರಿಕೆಯ ಫಾಂಟ್ ಒಡೆದಾಗ

ಸಂಕಲನಾತ್ಮಕ ಪರೀಕ್ಷೆ ಹತ್ತಿರ ಬಂತೆಂದರೆ ಯರಗಟ್ಟಿಯಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಮಾಸ್ತರರ ಸಾಲು. ಟೈಪ್ ಮಾಡಿಸಿ, ತಿದ್ದಿಸಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಶಾಲೆಯ ಕಂಪ್ಯೂಟರ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. 'ಫಾಂಟ್ ಒಡದೈತ್ರಿ ಸರ್!' ಹಳೆಯ ಆಸ್ಕಿ ಕಡತಗಳಲ್ಲಿ ನಿಜಕ್ಕೂ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಸಂಕೇತಗಳಿಗೆ ಫಾಂಟ್ ಕನ್ನಡದ ವೇಷ ತೊಡಿಸಿರುತ್ತದೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ, ಅಷ್ಟೆ. ಹತ್ತು ವರ್ಷ ಕೂಡಿಟ್ಟ ಪ್ರಶ್ನೆಗಳಿಗೂ ಇದೇ ಗತಿ.

ಮದ್ದು ಸರಳ: ಪ್ರಶ್ನೆಗಳನ್ನು ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡ್‌ನಲ್ಲಿ, ಅಲಂಕಾರವಿಲ್ಲದ ಬರಿ ಪಠ್ಯವಾಗಿ ಇಡುವುದು, ಪುಟದ ಅಂದವನ್ನು ಯಂತ್ರಕ್ಕೆ ಬಿಡುವುದು. ಖಗೋಳ ವಿಜ್ಞಾನಿ ಕಾರ್ಸ್ಟನ್ ಡೊಮಿನಿಕ್ 2003ರಲ್ಲಿ ಇಮ್ಯಾಕ್ಸ್ ಸಂಪಾದಕಕ್ಕೆ ಜೋಡಿಸಿದ ಆರ್ಗ್ ಮೋಡ್ ಇರುವುದೇ ಇಂಥ ಟಿಪ್ಪಣಿಗೆ. ಒಂದು ನಕ್ಷತ್ರ ಚಿಹ್ನೆ ಹಾಕಿ 'ತ್ರಿಭುಜಗಳು' ಎಂದು ಬರೆದರೆ ಅಧ್ಯಾಯ. ಎರಡು ನಕ್ಷತ್ರ ಹಾಕಿ 'ಥೇಲ್ಸ್‌ನ ಪ್ರಮೇಯವನ್ನು ನಿರೂಪಿಸಿ, ಸಾಧಿಸಿ' ಎಂದರೆ ಪ್ರಶ್ನೆ. ಪಕ್ಕದಲ್ಲಿ ಜ್ಞಾನ, ಅನ್ವಯ, ಕೌಶಲ ಎಂಬ ಟ್ಯಾಗ್. ಬೇಕಾದ ಟ್ಯಾಗಿನವನ್ನಷ್ಟೇ ಹೊರತೆಗೆದರೆ, ನೀಲನಕ್ಷೆ ತುಂಬಲು ರಾತ್ರಿಯೆಲ್ಲ ಹಾಳೆ ತಿರುವಬೇಕಿಲ್ಲ.

ಅಲ್ಲಿಂದ ಮುಂದೆ ಪುಟ ಜೋಡಿಸುವ ತಂತ್ರಾಂಶ ಲೇಟೆಕ್‌ನ ಕೆಲಸ. ಅದರ ಬುನಾದಿಯಾದ ಟೆಕ್ ಅನ್ನು ಡೊನಾಲ್ಡ್ ನುತ್ 1970ರ ದಶಕದ ಕೊನೆಗೆ ಕಟ್ಟಿದ್ದು, ತಮ್ಮದೇ ಪುಸ್ತಕದ ಕರಡಚ್ಚು ನೋಡಿ ಬೇಸರಗೊಂಡು. (ಅಚ್ಚಿನ ಮೇಲಿನ ಸಿಟ್ಟಿನಿಂದ ಇಷ್ಟು ಒಳ್ಳೆಯದಾದದ್ದು ಅಪರೂಪ.) ಫಿಲಿಪ್ ಹಿರ್ಶ್‌ಹಾರ್ನ್ ಎಂಬ ಗಣಿತದ ಪ್ರಾಧ್ಯಾಪಕರು ಲೇಟೆಕ್‌ಗೆ 'ಎಕ್ಸಾಮ್' ಎಂಬ ಅಚ್ಚುಕಟ್ಟಾದ ಕಟ್ಟನ್ನು ಬರೆದರು. ಪ್ರಶ್ನೆಗೆ ಕ್ರಮಸಂಖ್ಯೆ, ಅಂಕಗಳ ಮೊತ್ತ, ಅಂಕಪಟ್ಟಿ ತಾವಾಗಿ ಬರುತ್ತವೆ, ಉತ್ತರಕ್ಕೆ ಹೇಳಿದಷ್ಟು ಖಾಲಿ ಜಾಗವೂ. ನಡುವೆ ಒಂದು ಪ್ರಶ್ನೆ ತೆಗೆದರೆ ಉಳಿದ ಸಂಖ್ಯೆಗಳು ತಾವೇ ಸರಿಹೋಗುತ್ತವೆ. 'ಪ್ರಿಂಟ್‌ಆನ್ಸರ್ಸ್' ಎಂಬ ಒಂದೇ ಪದ ಸೇರಿಸಿದರೆ ಅದೇ ಕಡತದಿಂದ ಮಾದರಿ ಉತ್ತರದ ಪ್ರತಿ ಸಿದ್ಧ. 80 ಅಂಕದ ಗಣಿತ ಪತ್ರಿಕೆಯಲ್ಲಿ ಮೊತ್ತ 79 ಆಗಿ ಪರೀಕ್ಷಾ ಕೋಣೆಯಲ್ಲಿ ಮುಜುಗರ ಪಟ್ಟವರಿಗೆ ಇದರ ಬೆಲೆ ಗೊತ್ತು.

ತೊಡಕುಗಳೂ ಇವೆ. ಹಳೆಯ ಪಿಡಿಎಫ್‌ಲೇಟೆಕ್‌ಗೆ ಕನ್ನಡದ ಒತ್ತಕ್ಷರ ತಿಳಿಯದು. ಝೀಲೇಟೆಕ್ ಅಥವಾ ಲುವಾಲೇಟೆಕ್ ಬಳಸಿ, ನೋಟೋ ಕನ್ನಡದಂಥ ಯುನಿಕೋಡ್ ಫಾಂಟ್ ಹೆಸರಿಸಬೇಕು. 'ಪಾಯಿಂಟ್ಸ್' ಎಂದು ಬರುವಲ್ಲಿ 'ಅಂಕ' ಎಂದು ಬದಲಿಸಬೇಕು. ಲೇಟೆಕ್‌ಗೆ ಕಳಿಸುವಾಗ ಆರ್ಗ್ ಮೋಡ್ ಸಹಜವಾಗಿ ತಲೆಬರಹವನ್ನು ಅಧ್ಯಾಯವೆಂದೇ ಎಣಿಸುತ್ತದೆ. ಅದನ್ನು ಪ್ರಶ್ನೆಯಾಗಿಸುವ ಹೊಂದಾಣಿಕೆ ಮೊದಲ ಸಲ ತಲೆ ತಿನ್ನುತ್ತದೆ. ಆದರೆ ಅದು ಒಮ್ಮೆ ಮಾತ್ರ, ಮತ್ತು ಪ್ರತಿ ಮಾಸ್ತರರೂ ಕಲಿಯಬೇಕೆಂದಿಲ್ಲ. ಒಂದು ಕ್ಲಸ್ಟರ್‌ಗೆ ಒಬ್ಬರು ಮಾದರಿ ಕಡತ ಮಾಡಿ ಹಂಚಿದರೆ ಸಾಕು. ತಂತ್ರಾಂಶಗಳಿಗೆ ಕಾಸಿಲ್ಲ, ಆದರೆ ಲೇಟೆಕ್ ಸಿಗುವ ಟೆಕ್ ಲೈವ್ ಕಟ್ಟನ್ನು ಪೂರ್ತಿ ಇಳಿಸಿಕೊಳ್ಳಲು ಕೆಲವು ಜಿಬಿ ಡೇಟಾ ಬೇಕು.

ಇಷ್ಟೆಲ್ಲ ಆಗದಿದ್ದರೂ ಮುಂದಿನ ಪತ್ರಿಕೆಯನ್ನು ಡಿಟಿಪಿಗೆ ಕೊಡುವಾಗ 'ಯುನಿಕೋಡ್‌ನಲ್ಲೇ ಮಾಡ್ರಿ' ಎಂದು ಹೇಳಿ, ಮೂಲ ಕಡತವನ್ನು ಕೇಳಿ ಇಸಿದುಕೊಳ್ಳಿ.