ಲಂಬಾಸಾದಿಂದ ಕಂಠೀರವದವರೆಗೆ

ಬೆಂಗಳೂರು ಎಫ್.ಸಿ. ತಂಡಕ್ಕೆ 2022-23ರಲ್ಲಿ ಆಡಿದ ರಾಯ್ ಕೃಷ್ಣ ಅವರ ಹೆಸರನ್ನು ನಮ್ಮ ಸದಸ್ಯರಲ್ಲಿ ಅನೇಕರು ಕೇಳಿರಬಹುದು. ಹೆಸರು ಕೇಳಿ, ನಮ್ಮ ದೇಶದವರೇ ಯಾರೋ ಇರಬೇಕೆಂದು ಸುಮ್ಮನಾದವರೂ ಉಂಟು. ಆದರೆ ಅವರು ಪೆಸಿಫಿಕ್ ಮಹಾಸಾಗರದ ನಡುವಿನ ಫಿಜಿ ದೇಶದವರು. ಅಲ್ಲಿಯ ಜನಸಂಖ್ಯೆ ಸುಮಾರು 9 ಲಕ್ಷ. ಹೆಚ್ಚುಕಡಿಮೆ ನಮ್ಮ ಹುಬ್ಬಳ್ಳಿ-ಧಾರವಾಡದಷ್ಟು. ರಗ್ಬಿ ಅಲ್ಲಿನವರಿಗೆ ಮನೆದೇವರು. ಫುಟ್‌ಬಾಲಿಗೆ ಎರಡನೆಯ ಪಂಕ್ತಿ.

ಹುಬ್ಬಳ್ಳಿಯವರಿಗೆ ಗಿರ್ಮಿಟ್ ಎಂದರೆ ಚುರಮುರಿಯ ತಿಂಡಿ. ಫಿಜಿಯವರಿಗೆ ಅದು ಅಗ್ರಿಮೆಂಟ್ ಎಂಬ ಮಾತು ಕೂಲಿಕಾರರ ಬಾಯಲ್ಲಿ ಸವೆದು ಉಳಿದ ರೂಪ. 1879ರಿಂದ 1916ರವರೆಗೆ ಕಲ್ಕತ್ತೆ ಮತ್ತು ಮದರಾಸು ಬಂದರುಗಳಿಂದ ಸುಮಾರು 60,000 ಭಾರತೀಯರು ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿ, ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರು. ಕರಾರಿನ ಮೇಲೆ ಹೊರನಾಡಿಗೆ ಬಂದ ನಮಗೆ ಆ ಮಾತಿನ ತೂಕ ಸ್ವಲ್ಪವಾದರೂ ತಿಳಿದೀತು. ಅಂಥವರ ಪೀಳಿಗೆಯಲ್ಲಿ, ಸಕ್ಕರೆ ಕಾರ್ಖಾನೆಯ ಊರಾದ ಲಂಬಾಸಾದಲ್ಲಿ (ಬರೆಯುವುದು ಲಬಾಸಾ ಎಂದು) 1987ರ ಆಗಸ್ಟ್ 30ರಂದು ಕೃಷ್ಣ ಹುಟ್ಟಿದರು.

ಫಿಜಿಯಲ್ಲಿ ಆಟವನ್ನೇ ಉದ್ಯೋಗ ಮಾಡಿಕೊಳ್ಳುವ ದಾರಿ ಇರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, 2008ರಲ್ಲಿ, ಅವರು ನ್ಯೂಜಿಲೆಂಡಿನ ವೈಟಾಕೆರೆ ಯುನೈಟೆಡ್ ತಂಡ ಸೇರಿದರು. 2010ರ ಓಷಿಯಾನಿಯಾ ಕ್ಲಬ್ ಪಂದ್ಯಾವಳಿಯ ಫೈನಲಿನಲ್ಲಿ ಆ ತಂಡ ಪಾಪುವಾ ನ್ಯೂಗಿನಿಯ ಹೆಕಾರಿ ಯುನೈಟೆಡ್‌ಗೆ ಸೋತಿತು. ಗೆದ್ದ ಹೆಕಾರಿ ಅದೇ ಡಿಸೆಂಬರಿನಲ್ಲಿ ನಮ್ಮ ಅಬುಧಾಬಿಗೇ ಬಂದು, ವಿಶ್ವ ಕ್ಲಬ್ ಕಪ್‌ನಲ್ಲಿ ಇಲ್ಲಿನ ಅಲ್ ವಹ್ದಾ ತಂಡಕ್ಕೆ 3-0ರಿಂದ ಸೋತಿತು. ಫೈನಲಿನ ಫಲಿತಾಂಶ ಬೇರೆಯಾಗಿದ್ದರೆ ಕೃಷ್ಣರ ತಂಡವನ್ನು ನಾವು ಇಲ್ಲಿಯೇ ನೋಡುತ್ತಿದ್ದೆವು.

2014ರಲ್ಲಿ ಅವರು ವೆಲ್ಲಿಂಗ್ಟನ್ ಫೀನಿಕ್ಸ್ ಸೇರಿ, ಆಸ್ಟ್ರೇಲಿಯದ ವೃತ್ತಿಪರ ಲೀಗ್ ಪ್ರವೇಶಿಸಿದಾಗ ವಯಸ್ಸು 26. 2016ರ ರಿಯೋ ಒಲಿಂಪಿಕ್ಸ್‌ಗೆ ಫಿಜಿ ಮೊದಲ ಬಾರಿಗೆ ಫುಟ್‌ಬಾಲ್ ತಂಡ ಕಳುಹಿಸಿತು, ನಾಯಕ ಕೃಷ್ಣ. ಕೊರಿಯಾ 8, ಮೆಕ್ಸಿಕೋ 5, ಜರ್ಮನಿ 10: ಮೂರು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳು ಒಟ್ಟು 23, ಹೊಡೆದದ್ದು ಒಂದೇ. ಮೆಕ್ಸಿಕೋ ವಿರುದ್ಧದ ಆ ಒಂದು ಗೋಲು ಕೃಷ್ಣರದು. ಅದೇ ಕೂಟದಲ್ಲಿ ಫಿಜಿಯ ರಗ್ಬಿ ತಂಡ ದೇಶಕ್ಕೆ ಮೊದಲ ಒಲಿಂಪಿಕ್ ಪದಕವಾಗಿ ಚಿನ್ನವನ್ನೇ ತಂದಿತು.

ಇಷ್ಟಾದರೂ ಅವರು ಕೈಚೆಲ್ಲಲಿಲ್ಲ. 2018-19ರ ಋತುವಿನಲ್ಲಿ 18 ಗೋಲು ಹೊಡೆದು, ಆ ಲೀಗಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ಜಾನಿ ವಾರೆನ್ ಪದಕ ಪಡೆದರು. ಆಗ ವಯಸ್ಸು 31. ಅದೇ ವರ್ಷ ಕಲ್ಕತ್ತೆಯ ಎ.ಟಿ.ಕೆ. ತಂಡಕ್ಕೆ ಬಂದು, ಮೊದಲ ಋತುವಿನಲ್ಲಿಯೇ 15 ಗೋಲು ಹೊಡೆದರು, ತಂಡ ಐ.ಎಸ್.ಎಲ್. ಗೆದ್ದಿತು. ಹಿರಿಯರು ಕೂಲಿಗಾಗಿ ಬಿಟ್ಟುಹೋದ ದೇಶಕ್ಕೆ ಮೊಮ್ಮಕ್ಕಳ ಕಾಲದವರೊಬ್ಬರು ದುಡಿಮೆಗಾಗಿಯೇ ಮರಳಿದರು.

2022ರಲ್ಲಿ ಬೆಂಗಳೂರಿನ ಸರದಿ. ಕಂಠೀರವ ಕ್ರೀಡಾಂಗಣ ಈ ತಂಡದ ತವರು. ಅಬುಧಾಬಿಯ ಅಲ್ ನಹ್ಯಾನ್ ಕ್ರೀಡಾಂಗಣದಲ್ಲಿ 2019ರ ಜನವರಿ 6ರಂದು ಥಾಯ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದು ನಮ್ಮನ್ನು ಕುಣಿಸಿದ ಸುನಿಲ್ ಛೆತ್ರಿ ಅವರ ಜೊತೆಗಾರರಾದರು. 2022ರ ಸೆಪ್ಟೆಂಬರಿನಲ್ಲಿ, 1888ರಷ್ಟು ಹಳೆಯದಾದ ಡ್ಯುರಾಂಡ್ ಕಪ್ ಮೊದಲ ಬಾರಿಗೆ ಬೆಂಗಳೂರು ಎಫ್.ಸಿ.ಗೆ ಒಲಿಯಿತು. 2023ರ ಮಾರ್ಚ್ 18ರಂದು ಗೋವೆಯಲ್ಲಿ ನಡೆದ ಐ.ಎಸ್.ಎಲ್. ಫೈನಲಿನ ಎದುರಾಳಿ ಕೃಷ್ಣರ ಹಳೆಯ ತಂಡವೇ. 78ನೆಯ ನಿಮಿಷದಲ್ಲಿ ಅವರು ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು 2-1ರಲ್ಲಿ ಮುಂದಿಟ್ಟಿತು. ಎದುರಾಳಿ ಸಮಮಾಡಿಕೊಂಡು, ಕೊನೆಗೆ ಪೆನಾಲ್ಟಿಗಳಲ್ಲಿ 4-3ರಿಂದ ಗೆದ್ದಿತು. ಅದೇ ವರ್ಷ ಕೃಷ್ಣ ಒಡಿಶಾ ತಂಡಕ್ಕೆ ಹೋದರು.

ರಸಾಯನಶಾಸ್ತ್ರದಲ್ಲಿ ನಿಧಾನವಾದ ಕ್ರಿಯೆ ಬೇರೆ, ನಡೆಯಲಾರದ ಕ್ರಿಯೆ ಬೇರೆ. ಎರಡೂ ಮೊದಮೊದಲು ಒಂದೇ ರೀತಿ ಕಾಣುತ್ತವೆ. ಪಾತ್ರೆಯಲ್ಲಿ ಏನೂ ಬದಲಾದಂತೆ ತೋರುವುದಿಲ್ಲ. ನಡೆಯಲಾರದ್ದನ್ನು ಯಾವ ಕ್ರಿಯಾವರ್ಧಕವೂ ನಡೆಸದು. ನಿಧಾನವಾದದ್ದನ್ನು ಮಾತ್ರ ಅದು ಬೇಗ ಮುಗಿಸೀತು. ಕೃಷ್ಣರ ಆಟ ನಿಧಾನದ ಕ್ರಿಯೆ. ಲಂಬಾಸಾದಿಂದ ವೈಟಾಕೆರೆ, ಅಲ್ಲಿಂದ ಆಕ್ಲೆಂಡ್, ವೆಲ್ಲಿಂಗ್ಟನ್ ಎಂದು ಪ್ರತಿ ಹಂತದಲ್ಲೂ ಮುಂದಿನ ಮೆಟ್ಟಿಲೊಂದು ಸಿಕ್ಕಿದ್ದರಿಂದ ಅದು ಫಲ ಕೊಟ್ಟಿತು.

ದುಬೈ, ಅಬುಧಾಬಿಗಳ ನಮ್ಮ ಮಕ್ಕಳಿಗೆ ಹುಲ್ಲಿನ ಮೈದಾನವಿದೆ, ತರಬೇತುದಾರರಿದ್ದಾರೆ. ಆದರೆ ಹತ್ತನೆಯ ತರಗತಿ ಬಂತೆಂದರೆ ಬೂಟು ಅಟ್ಟ ಸೇರುತ್ತದೆ. ಹದಿನಾರರಲ್ಲಿ ಯಾರೂ ಛೆತ್ರಿ ಆಗಿರಲಿಲ್ಲವೆಂದು ನಾವೇ ತೀರ್ಪು ಬರೆದುಬಿಡುತ್ತೇವೆ. ಎಲ್ಲ ಮಕ್ಕಳೂ ಆಟಗಾರರಾಗಬೇಕೆಂದು ನಾನು ಹೇಳುತ್ತಿಲ್ಲ. ಓದು ಬಿಡಿಸಬೇಕೆಂದೂ ಅಲ್ಲ. ಆಸೆಯಿದ್ದ ಮಗುವಿಗೆ ಓದಿನ ಜೊತೆಗೆ ವಾರಕ್ಕೆರಡು ಸಂಜೆಯಾದರೂ ಉಳಿಸಿಕೊಡೋಣ. ಊರಿಗೆ ಓದಲು ಹೋಗುವವರಿಗೆ ಬೆಂಗಳೂರಿನ ಕ್ಲಬ್ಬುಗಳ ಆಯ್ಕೆ ಶಿಬಿರಗಳ ವಿಚಾರ ತಿಳಿಸಿಕೊಡುವ ಕೆಲಸವನ್ನು ನಮ್ಮ ಸಂಘವೇ ಕೈಗೊಳ್ಳಬಹುದು. ಭಾರತದ ಪಾಸ್‌ಪೋರ್ಟು ಅವರ ಕೈಯಲ್ಲಿದೆ. ದೇಶಕ್ಕೆ ಆಡುವ ಹಕ್ಕೂ ಇದೆ. ಬೇಕಾದದ್ದು ಮುಂದಿನ ಮೆಟ್ಟಿಲು.